ಭೋಗ ಬಿಟ್ಟು ದೇವಭಕ್ತಿ ಹಿಡಿಯುವುದು ಹೇಗೆ? ಮೂರನೇ ವಾರಕ್ಕೆ ಸೋಲುವವರಿಗೆ 40 ದಿನದ ಮಾರ್ಗದರ್ಶಿ

ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಹೊಸ ವರ್ಷವನ್ನು ಎದುರುಗೊಳ್ಳುವ ವಾಚ್ ನೈಟ್ ಆರಾಧನೆಯಲ್ಲಿ ಮೊಣಕಾಲೂರಿ ತೀರ್ಮಾನ ಮಾಡುತ್ತೇವೆ. ಸತ್ಯವೇದದ (ಬೈಬಲ್) ವಚನ ಬರೆದ ವಾಗ್ದಾನದ ಕಾರ್ಡ್ ತಂದು ಗೋಡೆಗೆ ಅಂಟಿಸುತ್ತೇವೆ. ಜನವರಿ ಮುಗಿಯುವ ಮುಂಚೆಯೇ ಹಳೆಯದೆಲ್ಲ ವಾಪಸ್ ಬಂದಿರುತ್ತದೆ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್ ಶುರುವಾದಾಗ ಇನ್ನೊಂದು ಸಲ, ಸಭೆಯ ಕನ್ವೆನ್ಷನ್‌ನ ಕೊನೆಯ ರಾತ್ರಿ ಮತ್ತೊಂದು ಸಲ. ನಮ್ಮ ಸಭೆಯ ಯುವಕರ ಕೂಟ ಮುಗಿದ ಮೇಲೆ ನಿಂತು ಮಾತಾಡುವ ತಮ್ಮಂದಿರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಅಣ್ಣಾ, ಮೂರು ವಾರ ಚೆನ್ನಾಗಿದ್ದೆ. ಆಮೇಲೆ ಮೊದಲಿಗಿಂತ ಜಾಸ್ತಿ ಆಯ್ತು."

ಇವರಿಗೆ ಮನಸ್ಸಿಲ್ಲ ಅಂತ ನಾನು ಒಪ್ಪುವುದಿಲ್ಲ. ಅತ್ತು ಪ್ರಾರ್ಥನೆ ಮಾಡಿದವರನ್ನು ಕಣ್ಣಾರೆ ನೋಡಿದ್ದೇನೆ. ತಪ್ಪಿರುವುದು ಹೆಜ್ಜೆಗಳ ಕ್ರಮ. ಸತ್ಯವೇದದ 2 ತಿಮೊಥೆ 2:22ರಲ್ಲಿ ಅಪೊಸ್ತಲ ಪೌಲನು ಒಂದೇ ಉಸಿರಿಗೆ ಮೂರು ಕೆಲಸ ಹೇಳುತ್ತಾನೆ. ಯೌವನದ ಇಚ್ಛೆಗಳಿಂದ ಓಡಿಹೋಗು. ನೀತಿ, ನಂಬಿಕೆ, ಪ್ರೀತಿ, ಸಮಾಧಾನ ಇವುಗಳನ್ನು ಬೆನ್ನಟ್ಟು. ಶುದ್ಧ ಹೃದಯದಿಂದ ಕರ್ತನನ್ನು ಕರೆಯುವವರ ಜೊತೆ ಸೇರಿ ಇದನ್ನು ಮಾಡು. ನಾವು ಮೊದಲನೆಯದನ್ನು ಮಾತ್ರ ಮಾಡುತ್ತೇವೆ, ಅದೂ ಒಬ್ಬೊಬ್ಬರೇ. ಕೆಳಗಿನ ಹಂತಗಳು ಮೂರನ್ನೂ ಒಟ್ಟಿಗೆ ಮಾಡುವುದಕ್ಕೆ.

ಶುರು ಮಾಡುವ ಮುಂಚೆ ಇಟ್ಟುಕೊಳ್ಳಬೇಕಾದದ್ದು

ಪುಸ್ತಕರೂಪದ ಸತ್ಯವೇದ ಒಂದು. ಫೋನಿನಲ್ಲಿರುವುದು ಈ ಕೆಲಸಕ್ಕೆ ಬೇಡ. ಓದುತ್ತಿರುವಾಗಲೇ ಮೇಲಿಂದ ಒಂದು ಮೆಸೇಜ್ ಇಳಿದು ಬರುತ್ತದೆ, ಬೆರಳು ಅಲ್ಲಿಗೆ ಹೋಗುತ್ತದೆ. 100 ಪುಟದ ನೋಟ್‌ಬುಕ್, ಪೆನ್ನು. ಸೆಲ್ ಹಾಕುವ ಸಾದಾ ಅಲಾರಂ ಗಡಿಯಾರ. ಗೋಡೆ ಕ್ಯಾಲೆಂಡರ್. ಒಂದು ಲಕೋಟೆ. ನಂಬಿಕಸ್ಥ ವ್ಯಕ್ತಿ ಒಬ್ಬರು. ಯಾರು ಅಂತ 7ನೇ ಹಂತದಲ್ಲಿ ಹೇಳುತ್ತೇನೆ, ಈಗಿನಿಂದಲೇ ಯೋಚಿಸುತ್ತಿರಿ.

ಸಮಯ 40 ದಿನ. ಲೆಂಟ್‌ನಲ್ಲಿ ಶುರು ಮಾಡುವುದಾದರೆ ಬೂದಿ ಬುಧವಾರದಿಂದ ಈಸ್ಟರ್‌ ಹಿಂದಿನ ದಿನದವರೆಗೆ ಒಟ್ಟು 46 ದಿನ ಸಿಗುತ್ತದೆ. ಭಾನುವಾರ 6 ಕಳೆದರೆ 40. ಲೆಂಟ್‌ಗೇ ಕಾಯಬೇಕು ಅಂತೇನೂ ಇಲ್ಲ. ಬರುವ ಸೋಮವಾರ ಸಾಕು.

1. ಮೊದಲು ಕೃಪೆ, ಆಮೇಲೆ ನಿಯಮ

ಈ ಹಂತವನ್ನು ಹಾರಿಸಬೇಡಿ. ಹತ್ತರಲ್ಲಿ ಎಂಟು ಜನ ಇಲ್ಲೇ ಎಡವುತ್ತಾರೆ ಅಂತ ನನಗೆ ಅನಿಸುತ್ತದೆ.

ತೀತ 2:11-12 ತೆಗೆದು ನಿಧಾನವಾಗಿ ಓದಿ. ಭಕ್ತಿಹೀನತೆಯನ್ನೂ ಲೋಕದ ಆಶೆಗಳನ್ನೂ ಬಿಟ್ಟು ಬಾಳುವುದನ್ನು ನಮಗೆ ಕಲಿಸುವುದು ಯಾವುದು? ಭಯ ಅಂತ ಬರೆದಿಲ್ಲ, ಹರಕೆ ಅಂತ ಬರೆದಿಲ್ಲ. ದೇವರ ಕೃಪೆ ಅಂತ ಬರೆದಿದೆ. ಅಲ್ಲಿ ಪೌಲನು ಬಳಸಿದ ಗ್ರೀಕ್ ಮಾತು ಮಗುವನ್ನು ತಿದ್ದಿ ಬೆಳೆಸುವುದಕ್ಕೆ ಹೇಳುವ ಮಾತು. ತಾಯಿ ಮಗುವಿಗೆ ನಡೆಯಲು ಕಲಿಸುವಾಗ ಬಿದ್ದರೆ ಮನೆಯಿಂದ ಹೊರಗೆ ಹಾಕುವುದಿಲ್ಲ, ಅಲ್ವಾ? ಮಗು ಆಗಲೇ ಮನೆಯ ಮಗು. ಅದಕ್ಕೇ ಕಲಿಸುತ್ತಾಳೆ.

ಹಾಗಾಗಿ ಮೊದಲ ದಿನ ಯಾವ ನಿಯಮವನ್ನೂ ಬರೆಯಬೇಡಿ. ಒಬ್ಬರೇ ಕುಳಿತು 1 ಯೋಹಾನ 1:9 ಓದಿ. ಪಾಪವನ್ನು ಅದರ ಹೆಸರಿನಿಂದಲೇ ಹೇಳಿ. "ಕರ್ತನೇ, ನನ್ನ ಬಲಹೀನತೆಗಳನ್ನು ಕ್ಷಮಿಸು" ಅಂದರೆ ನಾವು ಏನನ್ನೂ ಹೇಳಿದ ಹಾಗೆ ಆಗಲಿಲ್ಲ. "ಕರ್ತನೇ, ಹೆಂಡತಿಗೆ ಗೊತ್ತಿಲ್ಲದೆ ಸಾಲ ಮಾಡಿ ವಸ್ತು ಕೊಂಡೆ" ಅನ್ನಿ. ಆಮೇಲೆ ಕ್ಷಮೆಗಾಗಿ ಸ್ತೋತ್ರ ಹೇಳಿ. ಕೊನೆಗೆ ಇಷ್ಟು ಸಾಕು: "ನಾನು ನಿನ್ನವನು. ಈ ವಿಷಯದಲ್ಲಿ ನನಗೆ ಬಲ ಇಲ್ಲ. ನಿನ್ನ ಆತ್ಮನಿಂದ ನನ್ನನ್ನು ತಿದ್ದಿ ಬೆಳೆಸು."

ಸಾಮಾನ್ಯ ತಪ್ಪು: ಆಣೆ ಇಡುವುದು. "ಇನ್ನೊಂದು ಸಲ ಮಾಡಿದರೆ ನನಗೆ ಶಿಕ್ಷೆ ಕೊಡು" ಅಂತ ಪ್ರಾರ್ಥಿಸುವವರಿದ್ದಾರೆ. ಸಾಯಬೇಕಾದರೂ ನಿನ್ನನ್ನು ಅಲ್ಲಗಳೆಯುವುದಿಲ್ಲ ಅಂತ ಯೇಸುವಿಗೆ ಹೇಳಿದ ಶಿಷ್ಯ ಪೇತ್ರ ಅದೇ ರಾತ್ರಿ ಮೂರು ಸಲ ಅಲ್ಲಗಳೆದ. ಅವನ ಪ್ರೀತಿ ಸುಳ್ಳಾಗಿರಲಿಲ್ಲ. ತನ್ನ ಬಲದ ಮೇಲೆ ಅವನಿಗಿದ್ದ ಭರವಸೆ ಸುಳ್ಳಾಗಿತ್ತು. ಕೊಲೊಸ್ಸೆ 2:20-23ನ್ನೂ ಇಲ್ಲೇ ಓದಿಕೊಳ್ಳಿ. ಮುಟ್ಟಬೇಡ, ರುಚಿ ನೋಡಬೇಡ ಅನ್ನುವ ನಿಯಮಗಳು ನೋಡಲು ಭಕ್ತಿಯ ಹಾಗೆ ಕಂಡರೂ ಶರೀರದ ಇಚ್ಛೆಯನ್ನು ತಡೆಯಲಾರವು ಅಂತ ಪೌಲ ನೇರವಾಗಿ ಹೇಳುತ್ತಾನೆ.

2. ಒಂದು ವಾರ ಏನನ್ನೂ ಬದಲಾಯಿಸದೆ ಬರೆದಿಡಿ

ನೋಟ್‌ಬುಕ್‌ನಲ್ಲಿ ಐದು ಗೆರೆ ಎಳೆಯಿರಿ. ಎಷ್ಟು ಗಂಟೆ, ಎಲ್ಲಿ, ಜೊತೆಗೆ ಯಾರಿದ್ದರು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಎಷ್ಟು ಹೊತ್ತು ಅಥವಾ ಎಷ್ಟು ದುಡ್ಡು ಹೋಯಿತು. ಉದಾಹರಣೆಗೆ: "ರಾತ್ರಿ 11:10. ಹಾಸಿಗೆ. ಒಬ್ಬನೇ. ಸಂಜೆ ಆಫೀಸಿನಲ್ಲಿ ಬೈಸಿಕೊಂಡಿದ್ದೆ. 1 ಗಂಟೆ 40 ನಿಮಿಷ ರೀಲ್ಸ್."

2 ಸಮುವೇಲ 11ರ ಮೊದಲ ಎರಡು ವಚನಗಳಲ್ಲಿ ಈ ಕಾಲಂಗಳೆಲ್ಲ ತುಂಬಿವೆ ನೋಡಿ. ಅರಸರು ಯುದ್ಧಕ್ಕೆ ಹೊರಡುವ ಕಾಲ. ದಾವೀದ ಸೈನ್ಯವನ್ನು ಕಳಿಸಿ ತಾನು ಯೆರೂಸಲೇಮಿನಲ್ಲೇ ಉಳಿದ. ಸಾಯಂಕಾಲ ಹಾಸಿಗೆಯಿಂದ ಎದ್ದ. ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತಿದ್ದ. ಅವನು ಪಾಪದಲ್ಲಿ ಬೀಳಲು ಕಾರಣವಾದ ಪರಸ್ತ್ರೀ ಬತ್ಷೆಬೆ ಕಣ್ಣಿಗೆ ಬೀಳುವ ಮುಂಚೆಯೇ ಅರ್ಧ ಕಥೆ ಮುಗಿದಿತ್ತು. ಮಾಡಬೇಕಾದ ಕೆಲಸ ಇಲ್ಲ, ಜೊತೆಗೆ ಸರಿಸಮಾನರು ಯಾರೂ ಇಲ್ಲ, ಬೇಡದ ಹೊತ್ತಿನಲ್ಲಿ ನಿದ್ದೆ.

ನನ್ನ ನೋಟ್‌ಬುಕ್ ನನಗೆ ತೋರಿಸಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ನನ್ನ ತೊಂದರೆ ರಾತ್ರಿ ಹೊತ್ತಿನದು ಅಂದುಕೊಂಡಿದ್ದೆ. ಬರೆದು ನೋಡಿದರೆ ಅತಿ ಹೆಚ್ಚು ಜಾರಿದ್ದು ಭಾನುವಾರ ಮಧ್ಯಾಹ್ನ, ಆರಾಧನೆಯಲ್ಲಿ ಹಾಡು ನಡೆಸಿ ಮನೆಗೆ ಬಂದ ಮೇಲೆ. ದಣಿದಿರುತ್ತಿದ್ದೆ. "ಇಷ್ಟು ಸೇವೆ ಮಾಡಿದ್ದೀನಿ, ನನಗೆ ಇಷ್ಟೂ ಬೇಡವಾ?" ಅನ್ನುವ ಮಾತು ಒಳಗೆ ಓಡುತ್ತಿತ್ತು. ಆ ಮಾತು ಸಿಕ್ಕಿದ ದಿನ ನನ್ನ ಹೋರಾಟದ ದಿಕ್ಕೇ ಬದಲಾಯಿತು. ನಿಮ್ಮ ಒಳಗೆ ಓಡುವ ಮಾತು ಬೇರೆ ಇರಬಹುದು. ಅದನ್ನು ಹಿಡಿದು ಹಾಳೆಯ ಮೇಲೆ ಹಾಕುವವರೆಗೆ ಬರೆಯುತ್ತಿರಿ.

ಈ ವಾರ ಗೆಲ್ಲಲು ಹೋಗಬೇಡಿ, ಸುಮ್ನೆ ಬರೆಯಿರಿ. ಆದರೆ ಅಶ್ಲೀಲ ವಿಡಿಯೋ, ಜೂಜು, ಬೇರೊಬ್ಬರಿಗೆ ಮೋಸ, ಇವುಗಳಿಗೆ ವಾರದ ರಿಯಾಯಿತಿ ಇಲ್ಲ. ಅವನ್ನು ಇವತ್ತೇ ನಿಲ್ಲಿಸಿ, ಆಸೆ ಬಂದ ಹೊತ್ತನ್ನು ಮಾತ್ರ ಬರೆಯಿರಿ. ಕುಡಿತದ ವಿಷಯ 5ನೇ ಹಂತ ಓದದೆ ಮುಟ್ಟಬೇಡಿ.

3. ದೇವರ ವರ ಯಾವುದು, ಭೋಗ ಯಾವುದು ಬೇರೆ ಮಾಡಿ

ಕ್ರಿಸ್‌ಮಸ್ ದಿನದ ಬಿರಿಯಾನಿ ಪಾಪವಲ್ಲ. ಮಗಳಿಗೆ ಹೊಸ ಬಟ್ಟೆ ಪಾಪವಲ್ಲ. ದೇವರು ಸೃಷ್ಟಿಸಿದ್ದೆಲ್ಲ ಒಳ್ಳೆಯದು, ಸ್ತೋತ್ರದಿಂದ ತೆಗೆದುಕೊಂಡರೆ ಯಾವುದನ್ನೂ ನಿರಾಕರಿಸಬೇಕಿಲ್ಲ ಅಂತ 1 ತಿಮೊಥೆ 4:4 ಹೇಳುತ್ತದೆ. ಎಲ್ಲವನ್ನೂ ಧಾರಾಳವಾಗಿ ಅನುಭವಿಸಲು ಕೊಡುವವನು ದೇವರು ಅಂತ ಅದೇ ಪತ್ರಿಕೆಯ 6:17ರಲ್ಲಿದೆ.

ಅನುಮಾನ ಬಂದ ವಿಷಯಕ್ಕೆ ಮೂರು ಪ್ರಶ್ನೆ ಹಾಕಿ. ಇದನ್ನು ಮಾಡುತ್ತಿರುವಾಗಲೇ ಬಾಯಿಬಿಟ್ಟು ದೇವರಿಗೆ ಸ್ತೋತ್ರ ಹೇಳಬಲ್ಲೆನಾ? ನಾಳೆ ಇದು ಸಿಗದಿದ್ದರೆ ಮನೆಯವರ ಮೇಲೆ ರೇಗದೆ ಇರಬಲ್ಲೆನಾ? ಇದರ ಬೆಲೆ ಯಾರು ಕೊಡುತ್ತಿದ್ದಾರೆ, ನಾನಾ, ಇಲ್ಲ ನನ್ನ ಅಪ್ಪ ಅಮ್ಮ, ಹೆಂಡತಿ ಮಕ್ಕಳಾ? ಎರಡನೆಯ ಪ್ರಶ್ನೆ 1 ಕೊರಿಂಥ 6:12ರಿಂದ ಬಂದದ್ದು. ಯಾವುದರ ಅಧಿಕಾರಕ್ಕೂ ನಾನು ಒಳಗಾಗುವುದಿಲ್ಲ ಅನ್ನುತ್ತಾನೆ ಪೌಲ. ಏಸಾವ ತಿಂದ ಅಲಸಂದೆ ಗುಗ್ಗರಿಯಲ್ಲಿ ವಿಷವೇನೂ ಇರಲಿಲ್ಲ. ಅವನು ಅದಕ್ಕೆ ಚೊಚ್ಚಲತನದ ಹಕ್ಕನ್ನೇ ಕೊಟ್ಟ.

ಇಲ್ಲಿ ಎರಡು ಕಡೆಯಿಂದಲೂ ಜಾರಬಹುದು. ಟೀ, ಕ್ರಿಕೆಟ್, ಹಾಡು ಎಲ್ಲವನ್ನೂ ಪಾಪ ಅಂತ ಬರೆದುಕೊಂಡವರು ಎರಡು ವಾರಕ್ಕೆ ಸುಸ್ತಾಗಿ ಎಲ್ಲವನ್ನೂ ಒಟ್ಟಿಗೆ ಕೈಬಿಡುತ್ತಾರೆ. ಇನ್ನು ಕೆಲವರು ಸತ್ಯವೇದ ಸ್ಪಷ್ಟವಾಗಿ ಬೇಡ ಅಂದದ್ದನ್ನೂ "ಮಿತವಾಗಿದ್ದರೆ ಪರವಾಗಿಲ್ಲ" ಅಂತ ಮೂರು ಪ್ರಶ್ನೆಯಲ್ಲಿ ಪಾಸು ಮಾಡಿಸಲು ನೋಡುತ್ತಾರೆ. ಈ ಪ್ರಶ್ನೆಗಳು ಅನುಮಾನದ ವಿಷಯಗಳಿಗೆ ಮಾತ್ರ.

4. ಒಂದನ್ನೇ ಆರಿಸಿ, ಒಂದೇ ವಾಕ್ಯದಲ್ಲಿ ಬರೆಯಿರಿ

ನೋಟ್‌ಬುಕ್ ನೋಡಿ ಬಿಡಬೇಕಾದವುಗಳ ಪಟ್ಟಿ ಮಾಡಿದರೆ ಏಳೆಂಟು ಇರುತ್ತವೆ. 40 ದಿನಕ್ಕೆ ಒಂದು ಸಾಕು. ಯಾವುದು? ಬೇರೆ ತಪ್ಪುಗಳು ಯಾವುದಕ್ಕೆ ನೇತುಬಿದ್ದಿವೆಯೋ ಅದು. ರಾತ್ರಿ ಫೋನ್ ನೋಡುವುದರಿಂದ ತಡವಾಗಿ ಏಳುವುದು, ಅದರಿಂದ ಪ್ರಾರ್ಥನೆ ತಪ್ಪುವುದು, ಅದರಿಂದ ಮಕ್ಕಳ ಮೇಲೆ ಸಿಡುಕು. ಹಾಗಿದ್ದರೆ ಹಿಡಿಯಬೇಕಾದದ್ದು ರಾತ್ರಿಯ ಫೋನನ್ನು.

ಸುಲಭದ್ದನ್ನು ಆರಿಸಿ ನಿಜವಾದದ್ದನ್ನು ಬಚ್ಚಿಡಬೇಡಿ. ಲೆಂಟ್‌ನಲ್ಲಿ ಮಾಂಸ ಬಿಟ್ಟು, ಅಣ್ಣನ ಜೊತೆ ಆಸ್ತಿ ಜಗಳದ ದ್ವೇಷವನ್ನು ಹಾಗೇ ಇಟ್ಟುಕೊಂಡವರನ್ನು ನಾವೆಲ್ಲ ನೋಡಿದ್ದೇವೆ.

"ಇನ್ನು ಮುಂದೆ ಪರಿಶುದ್ಧವಾಗಿ ಬಾಳುತ್ತೇನೆ" ಅನ್ನುವ ವಾಕ್ಯದಿಂದ ಏನೂ ಆಗುವುದಿಲ್ಲ. ಅದನ್ನು ಮೀರಿದ್ದು ಯಾವಾಗ ಅಂತ ನಿಮಗೇ ಗೊತ್ತಾಗುವುದಿಲ್ಲ. "ರಾತ್ರಿ 10ಕ್ಕೆ ಫೋನ್ ಅಡುಗೆಮನೆಯ ಶೆಲ್ಫ್ ಮೇಲೆ, ಬೆಳಗಿನ ಪ್ರಾರ್ಥನೆ ಆದ ಮೇಲೆ ಕೈಗೆ" ಅಂತ ಬರೆಯಿರಿ. "ಕಂತಿನಲ್ಲಿ ಏನನ್ನೂ ಕೊಳ್ಳುವುದಿಲ್ಲ, 500 ರೂಪಾಯಿ ಮೇಲಿನದನ್ನು ಮನೆಯಲ್ಲಿ ಹೇಳಿ 3 ದಿನ ಕಾದು ಕೊಳ್ಳುತ್ತೇನೆ" ಅಂತ ಬರೆಯಿರಿ. ಹೌದು ಅಥವಾ ಇಲ್ಲ ಅಂತ ಉತ್ತರ ಬರುವ ಹಾಗಿರಬೇಕು.

5. ದಾರಿಗಳನ್ನು ಮುಚ್ಚಿ

ಶರೀರದ ಆಶೆಗಳನ್ನು ಪೂರೈಸಲು ಏರ್ಪಾಡು ಮಾಡಿಕೊಳ್ಳಬೇಡಿ ಅಂತ ರೋಮಾಪುರದವರಿಗೆ ಬರೆದ ಪತ್ರಿಕೆಯ 13:14 ಹೇಳುತ್ತದೆ. ನಾವು ಬಿಡುತ್ತೇವೆ ಅನ್ನುತ್ತೇವೆ, ಏರ್ಪಾಡು ಮಾತ್ರ ಹಾಗೇ ಇರುತ್ತದೆ. ಶೋಧನೆ ಇಲ್ಲದ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ ಊಟ ನಿದ್ದೆ ಸರಿಯಾಗಿ ಆಗಿರುವಾಗ, ಈ ಕೆಲಸ ಮುಗಿಸಿ.

ಫೋನ್ ಆದರೆ: ಆ್ಯಪ್ ತೆಗೆದುಹಾಕಿ. ತೆಗೆಯಲು ಆಗದಿದ್ದರೆ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಐಫೋನಿನ ಸ್ಕ್ರೀನ್ ಟೈಮ್‌ನಲ್ಲಿ ದಿನದ ಮಿತಿ ಇಡಿ. ಐಫೋನಿನಲ್ಲಿ ಅದರ ಪಾಸ್‌ಕೋಡ್ ಬೇರೆಯವರಿಂದ ಹಾಕಿಸಿ. ಚಾರ್ಜರ್ ಮಲಗುವ ಕೋಣೆಯಲ್ಲಿ ಇರಬಾರದು. ಅಲಾರಂ ಗಡಿಯಾರ ಬೇಕಾಗಿದ್ದು ಇದಕ್ಕೇ. "ಅಲಾರಂಗೆ ಫೋನ್ ಬೇಕಲ್ಲ" ಅನ್ನುವ ನೆವ ಎಷ್ಟು ಜನರನ್ನು ಬೀಳಿಸಿದೆಯೋ!

ಖರ್ಚು ಆದರೆ: ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ. ಯುಪಿಐ ಆಟೋಪೇ ಪಟ್ಟಿ ತೆರೆದು ನೋಡಿ, ಬೇಡದ್ದನ್ನು ರದ್ದು ಮಾಡಿ. ತಿಂಗಳ ಲೆಕ್ಕವನ್ನು ಸಂಗಾತಿಗೆ ತೋರಿಸಿ. ಬಚ್ಚಿಟ್ಟ ಸಾಲ ಇದ್ದರೆ ಮೊದಲು ಅದನ್ನು ಹೇಳಿ. ಅದನ್ನು ಹೇಳದೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ.

ಕುಡಿತ ಆದರೆ ಎಚ್ಚರ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣಿಸುವುದು ಆಗಬಹುದು. ಪ್ರಾಣಕ್ಕೂ ಅಪಾಯ. ಇಂಥವರನ್ನು ಪ್ರಾರ್ಥನಾ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಅಲ್ಲೇ ಪಕ್ಕದಲ್ಲಿ ಕುಳಿತು ಪ್ರಾರ್ಥನೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗ ಇದೆ. ಔಷಧ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಅಲ್ಲ. ಲೂಕ ವೈದ್ಯನಾಗಿದ್ದ, ಪೌಲ ಅವನನ್ನು "ಪ್ರಿಯ" ಅಂತ ಕರೆದ.

ಅಪರೂಪಕ್ಕೆ ಕುಡಿದು ಆಮೇಲೆ ಪಶ್ಚಾತ್ತಾಪ ಪಡುವವರಿಗೆ ಕಷ್ಟ ಬರುವುದು ಮದುವೆ ಮನೆಯಲ್ಲಿ, ಭಾವಮೈದುನರ ನಡುವೆ. ದಾನಿಯೇಲ 1:8 ನೋಡಿ. ಅವನು ಅರಸನ ಊಟದ ತಟ್ಟೆ ಮುಂದೆ ಬಂದ ಮೇಲೆ ಯೋಚಿಸಲಿಲ್ಲ, ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದ. ಕೇಳಿಕೊಂಡದ್ದು ಕೂಡ ವಿನಯದಿಂದ. ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ: "ಭಾವ, ಈ ಸಲ ನನಗೆ ಒತ್ತಾಯ ಮಾಡಬೇಡಿ." ಹೋದ ತಕ್ಷಣ ಜ್ಯೂಸ್ ಲೋಟ ಕೈಯಲ್ಲಿ ಇರಲಿ. ಊಟ ಮುಗಿಸಿ ಹೊರಡಿ.

ದಾರಿ ಮುಚ್ಚುವಾಗ ಏನಾದರೂ ಕಳೆದುಕೊಳ್ಳಬೇಕಾಗುತ್ತದೆ. ಯಜಮಾನ ಪೋಟೀಫರನ ಹೆಂಡತಿ ಪಾಪಕ್ಕೆ ಎಳೆದಾಗ ಯೋಸೇಫ ಓಡಿದ, ಬಟ್ಟೆ ಅವಳ ಕೈಯಲ್ಲೇ ಉಳಿಯಿತು, ಅದರಿಂದ ಅವನ ಹೆಸರೂ ಕೆಟ್ಟಿತು. ಆದರೂ ಅವನು ವಾಪಸ್ ಹೋಗಲಿಲ್ಲ.

6. ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಬೇರೆ ಏನನ್ನಾದರೂ ಇಡಿ

ಮೂರನೇ ವಾರದ ಸೋಲು ಹುಟ್ಟುವುದು ಇಲ್ಲಿ. ಮತ್ತಾಯ 12:43-45ರಲ್ಲಿ ಯೇಸು ಹೇಳಿದ ಮನೆಯನ್ನು ನೆನಪಿಸಿಕೊಳ್ಳಿ. ದೆವ್ವ ಬಿಟ್ಟುಹೋದ ಮನೆ. ಗುಡಿಸಿದೆ, ಅಲಂಕಾರವೂ ಆಗಿದೆ. ಆದರೆ ಒಳಗೆ ಯಾರೂ ಇಲ್ಲ. ಆ ದೆವ್ವ ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆದುಕೊಂಡು ವಾಪಸ್ ಬರುತ್ತದೆ. "ಮೊದಲಿಗಿಂತ ಜಾಸ್ತಿ ಆಯ್ತು ಅಣ್ಣಾ" ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ನಾವು ಗುಡಿಸುತ್ತೇವೆ. ತುಂಬುವುದಿಲ್ಲ.

ಪೌಲನು ಬಿಡು ಅಂದ ಕಡೆಯಲ್ಲೇ ಹಿಡಿ ಅನ್ನುವುದನ್ನೂ ಇಡುತ್ತಾನೆ. ಎಫೆಸ 4:28ರಲ್ಲಿ ಕಳ್ಳನಿಗೆ ಕದಿಯಬೇಡ ಅಂತ ಹೇಳಿ ನಿಲ್ಲಿಸುವುದಿಲ್ಲ. ಕೈಯಾರೆ ದುಡಿ, ಇಲ್ಲದವನಿಗೆ ಕೊಡು ಅನ್ನುತ್ತಾನೆ. ಕದ್ದ ಕೈಯೇ ಈಗ ಕೊಡುವ ಕೈ ಆಗಬೇಕು. 5:18ರಲ್ಲಿ ದ್ರಾಕ್ಷಾರಸ ಕುಡಿದು ಮತ್ತರಾಗಬೇಡಿ, ಪವಿತ್ರಾತ್ಮಭರಿತರಾಗಿರಿ ಅಂದು, ಮುಂದಿನ ವಚನದಲ್ಲೇ ಹಾಡುವುದನ್ನು ಹೇಳುತ್ತಾನೆ.

ನಿಮ್ಮ ನೋಟ್‌ಬುಕ್ ತೆರೆಯಿರಿ. ಯಾವ ಹೊತ್ತು, ಯಾವ ಜಾಗ ಅಂತ ಅಲ್ಲಿ ಇದೆ. ಅದೇ ಹೊತ್ತಿಗೆ ಹೊಸ ಕೆಲಸ ನಿಗದಿ ಮಾಡಿ. ರಾತ್ರಿ 10:30 ಆದರೆ, ದೀಪ ಹಾಕಿ 119ನೇ ಕೀರ್ತನೆಯ 8 ವಚನ ಗಟ್ಟಿಯಾಗಿ ಓದಿ. ಆ ಕೀರ್ತನೆಯಲ್ಲಿ 176 ವಚನ ಇವೆ, 8 ವಚನದ 22 ಭಾಗ; 22 ರಾತ್ರಿಗೆ ಆಗುತ್ತದೆ. ಮನಸ್ಸಿಗೆ ತಾಗಿದ ಒಂದು ಸಾಲನ್ನು ಬರೆದು ಮಲಗಿ. ಬೆಳಿಗ್ಗೆ 15 ನಿಮಿಷ ಮಾರ್ಕನ ಸುವಾರ್ತೆ, ದಿನಕ್ಕೆ ಅರ್ಧ ಅಧ್ಯಾಯ. 16 ಅಧ್ಯಾಯ 32 ದಿನಕ್ಕೆ ಮುಗಿಯುತ್ತದೆ, ಉಳಿದ 8 ದಿನ ಇಷ್ಟವಾದ ಭಾಗಗಳನ್ನು ಮತ್ತೆ ಓದಿ. ಮಾರ್ಕನನ್ನೇ ಯಾಕೆ ಹೇಳುತ್ತೇನೆ ಅಂದರೆ, ಅಲ್ಲಿ ಯೇಸುವನ್ನು ಹತ್ತಿರದಿಂದ ನೋಡಬಹುದು. ಭೋಗಕ್ಕಿಂತ ಹೆಚ್ಚು ಪ್ರೀತಿಸಲು ಒಬ್ಬನು ಬೇಕು. ನಿಯಮವನ್ನು ಯಾರೂ ಪ್ರೀತಿಸಲಾರರು.

ಮೊದಲ ದಿನಗಳಲ್ಲಿ ಓದು ಸಪ್ಪೆ ಅನಿಸುತ್ತದೆ. ಉಪ್ಪುಖಾರ ಜಾಸ್ತಿ ತಿಂದ ನಾಲಿಗೆಗೆ ಗಂಜಿ ಸಪ್ಪೆಯೇ. ಎರಡು ವಾರ ಮುಂದುವರಿಸಿ.

ದುಡ್ಡಿನ ಭೋಗ ಬಿಟ್ಟವರಿಗೆ ಲಕೋಟೆ. ಉಳಿದ ಹಣ ಬ್ಯಾಂಕಿನಲ್ಲೇ ಇದ್ದರೆ ಅದು ಇನ್ನೊಂದು ಭೋಗಕ್ಕೆ ಹೋಗುತ್ತದೆ. ನಗದು ತೆಗೆದು ಲಕೋಟೆಗೆ ಹಾಕಿ, ಮೇಲೆ ಯಾರಿಗೆ ಅಂತ ಬರೆಯಿರಿ. ಬೀದಿಯ ಕೊನೆಯ ಮನೆಯ ವಿಧವೆ, ಫೀಸು ಕಟ್ಟಲಾಗದ ಹುಡುಗ, ಯಾರಾದರೂ ನಿಮಗೆ ಗೊತ್ತಿರುವವರು. ಇದು ಸಭೆಗೆ ಕೊಡುವ ದಶಮಾಂಶದಲ್ಲಿ (ಆದಾಯದ ಹತ್ತರಲ್ಲಿ ಒಂದು ಪಾಲು) ಕಳೆಯುವ ಹಣ ಅಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುವನ್ನು ಮನೆಗೆ ಸೇರಿಸಿಕೊಂಡ ದಿನವೇ ಅರ್ಧ ಆಸ್ತಿ ಬಡವರಿಗೆ ಅಂದ. ಯಾರೂ ಅವನನ್ನು ಕೇಳಿರಲಿಲ್ಲ.

ಇನ್ನೊಂದು ಮಾತು, ಇದನ್ನು ಪ್ರಸಂಗಗಳಲ್ಲಿ ಹೇಳುವುದು ಕಡಿಮೆ. ಎಷ್ಟೋ ಸಲ ನಮಗೆ ಬೇಕಾಗಿರುವುದು ನಿದ್ದೆ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಯಬೇಕು ಅಂತ ಮಲಗಿದಾಗ ದೂತನು ಮೊದಲು ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಿದಾಗ ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಮೆಲುದನಿ ಕೇಳಿಸಿದ್ದು ಆಮೇಲೆ. ನೈಟ್ ಶಿಫ್ಟ್ ಮಾಡಿ ನಾಲ್ಕು ಗಂಟೆ ಮಲಗುವ ಹುಡುಗನಿಗೆ ನಾನು ಮೊದಲು ಹೇಳುವುದು "ನಿದ್ದೆ ಮಾಡಪ್ಪಾ" ಅಂತಲೇ. ನನ್ನ ಭಾನುವಾರ ಮಧ್ಯಾಹ್ನದ ಮದ್ದೂ ಅದೇ ಆಯಿತು. ಮನೆಯವರ ಜೊತೆ ಕುಳಿತು ಊಟ, ಒಂದು ಗಂಟೆ ನಿದ್ದೆ, ಆಮೇಲೆ ಕಾಯಿಲೆಯಲ್ಲಿರುವ ಒಬ್ಬರ ಮನೆಗೆ ಭೇಟಿ.

7. ಒಬ್ಬರಿಗೆ ಪೂರ್ತಿ ಹೇಳಿ

ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಅಂತ ಯಾಕೋಬ 5:16ರಲ್ಲಿದೆ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದೆ. ಅವರು ಅದನ್ನು ಮುಂದಕ್ಕೆ ಹಾಕದೆ ಮೊದಲ ವಾರವೇ ಹೋಗಿ ಬರಲಿ. ಅದರ ಜೊತೆಗೂ ವಾರ ವಾರ ಮಾತಾಡಲು ಒಬ್ಬರು ಬೇಕು.

ಯಾರು? ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ನಿಮಗಿಂತ ಕೆಲವು ವರ್ಷ ಹಿರಿಯರಾದರೆ ಒಳ್ಳೆಯದು. ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ಯಾವತ್ತೂ ಆಡದವರು. ಈ ಒಂದು ಗುಣ ಬಹಳ ಮುಖ್ಯ. ಬೇರೆಯವರದ್ದನ್ನು ನಿಮಗೆ ಹೇಳಿದವರು ನಿಮ್ಮದನ್ನೂ ಹೇಳುತ್ತಾರೆ. ಪಾಸ್ಟರ್ ಆಗಲೇಬೇಕು ಅಂತಿಲ್ಲ.

ವಾರಕ್ಕೆ ಎರಡು ಸಲ, ಹತ್ತು ನಿಮಿಷದ ಫೋನ್, ದಿನ ಮತ್ತು ಹೊತ್ತು ಗೊತ್ತುಮಾಡಿಕೊಂಡು. ಮಂಗಳವಾರ, ಶುಕ್ರವಾರ ರಾತ್ರಿ 9 ಅಂತಿಟ್ಟುಕೊಳ್ಳಿ. ಅವರು ಮೂರೇ ಪ್ರಶ್ನೆ ಕೇಳಲಿ. ಬರೆದ ವಾಕ್ಯ ಉಳಿಯಿತಾ? ಸತ್ಯವೇದದಲ್ಲಿ ಏನು ಓದಿದೆ? ನನ್ನಿಂದ ಈಗ ಏನನ್ನಾದರೂ ಬಚ್ಚಿಟ್ಟೆಯಾ? ಉಪದೇಶ ಬೇಡ. ಪ್ರಾರ್ಥನೆ ಮಾಡಿ ಫೋನ್ ಇಟ್ಟುಬಿಡಿ.

ಸಾಮಾನ್ಯ ತಪ್ಪು: ವಾಟ್ಸಾಪ್ ಗುಂಪಿನಲ್ಲಿ "ಪ್ರಾರ್ಥನಾ ವಿಜ್ಞಾಪನೆ" ಅಂತ ಹಾಕುವುದು. ಮುಂದಿನ ಭಾನುವಾರದ ಹೊತ್ತಿಗೆ ಅದು ಸಭೆಯೆಲ್ಲ ಸುತ್ತಿರುತ್ತದೆ. ಹಾಗೇ ಹೆಂಡತಿಯನ್ನೋ ಗಂಡನನ್ನೋ ಪೊಲೀಸ್ ಮಾಡಬೇಡಿ. ಅವರಿಗೆ ಸತ್ಯ ಗೊತ್ತಿರಲಿ, ಕಾವಲಿನ ಕೆಲಸ ಬೇರೆಯವರಿಗಿರಲಿ.

8. ವಾರಕ್ಕೆ ಒಂದು ಊಟದ ಉಪವಾಸ

ಎರಡನೇ ವಾರದಿಂದ ಶುರು ಮಾಡಿ. ಶುಕ್ರವಾರ ಮಧ್ಯಾಹ್ನದ ಒಂದು ಊಟ ಬಿಡಿ, ನೀರು ಕುಡಿಯಿರಿ, ಆ ಅರ್ಧ ಗಂಟೆ ಪ್ರಾರ್ಥನೆಗೆ ಕೊಡಿ, ಊಟದ ಹಣ ಲಕೋಟೆಗೆ ಹಾಕಿ. ಹಸಿವಾದರೂ ಸಿಡುಕದೆ ಇರುವುದನ್ನು ಹೊಟ್ಟೆಯಿಂದ ಕಲಿತರೆ ಬೇರೆ ಆಸೆಗಳಿಗೂ "ಸ್ವಲ್ಪ ತಡಿ" ಅನ್ನುವುದು ಬರುತ್ತದೆ. ಯೆಶಾಯ 58 ಮತ್ತು ಮತ್ತಾಯ 6:16-18 ಓದಿಕೊಂಡು ಮಾಡಿ. ಮುಖ ಬಾಡಿಸಿಕೊಂಡು ತಿರುಗಬೇಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲುಣಿಸುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು. ಅವರು ಊಟದ ಬದಲು ಟಿವಿಯನ್ನೋ ಫೋನನ್ನೋ ಒಂದು ದಿನ ಬಿಡಲಿ.

9. ಬಿದ್ದರೆ ಮೊದಲ 24 ಗಂಟೆ ಏನು ಮಾಡಬೇಕು

ಇದನ್ನು ಬೀಳುವ ಮುಂಚೆಯೇ ಓದಿಟ್ಟುಕೊಳ್ಳಿ. ಬಿದ್ದ ರಾತ್ರಿ ಮನಸ್ಸು ಹೇಳುವುದು ಒಂದೇ: "ಹೇಗೂ ಹಾಳಾಯ್ತು, ಇವತ್ತು ಪೂರ್ತಿ ಆಗಲಿ, ನಾಳೆಯಿಂದ ನೋಡೋಣ." ನಿಜವಾದ ನಷ್ಟ ಆಗುವುದು ಮೊದಲ ಜಾರಿಕೆಗಿಂತ ಈ ಮಾತಿನಿಂದ.

ಅಲ್ಲಿಂದ ಎದ್ದು ಬೇರೆ ಕೋಣೆಗೆ ಹೋಗಿ. ಹೆಸರು ಹಿಡಿದು ಅರಿಕೆಮಾಡಿ. ಒಂದು ಗಂಟೆಯೊಳಗೆ ಆ ಒಬ್ಬರಿಗೆ "ಬಿದ್ದೆ, ನಾಳೆ ಮಾತಾಡುತ್ತೇನೆ" ಅಂತ ಎರಡು ಮಾತು ಕಳಿಸಿ. ನೋಟ್‌ಬುಕ್‌ನಲ್ಲಿ ಐದು ಕಾಲಂ ತುಂಬಿ. ಯಾವ ದಾರಿ ತೆರೆದಿತ್ತು ಅಂತ ಸಿಗುತ್ತದೆ. ಅದನ್ನು ಬೆಳಿಗ್ಗೆ ಮುಚ್ಚಿ. ಯಾರಿಗಾದರೂ ನೋವು ಅಥವಾ ನಷ್ಟ ಮಾಡಿದ್ದರೆ ಕ್ಷಮೆ ಕೇಳಿ, ಹಣ ಇದ್ದರೆ ವಾಪಸ್ ಕೊಡಿ. ಬೆಳಗಿನ ಮಾರ್ಕನ ಓದು ಮಾತ್ರ ಬಿಡಬೇಡಿ. ನಾಚಿಕೆಯಿಂದ ಅದನ್ನೇ ಮೊದಲು ಬಿಡುತ್ತೇವೆ.

ಶಿಕ್ಷೆಯಾಗಿ ಎರಡು ದಿನ ಉಪವಾಸ ಸೇರಿಸಿಕೊಳ್ಳಬೇಡಿ. ಕ್ಯಾಲೆಂಡರಿನಲ್ಲಿ ಮತ್ತೆ ಒಂದರಿಂದ ಎಣಿಸಬೇಡಿ. ಆ ದಿನಕ್ಕೆ ಒಂದು ಚುಕ್ಕೆ ಹಾಕಿ, ಮರುದಿನ 19 ಆಗಿದ್ದರೆ 19ನೇ ದಿನ ಅಂತಲೇ ಬರೆಯಿರಿ. ನೀತಿವಂತ ಏಳು ಸಲ ಬಿದ್ದರೂ ಏಳುತ್ತಾನೆ ಅಂತ ಜ್ಞಾನೋಕ್ತಿ 24:16ರಲ್ಲಿದೆ. ಪೇತ್ರನ ವಿಷಯ ಮೇಲೆ ಹೇಳಿದೆನಲ್ಲ, ಅದರ ಉಳಿದ ಭಾಗ ಯೋಹಾನ 21ರಲ್ಲಿದೆ. ಯೇಸು ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಬಂದು ಊಟ ಮಾಡಿ ಅಂದ. ನನ್ನನ್ನು ಪ್ರೀತಿಸುತ್ತೀಯೋ ಅಂತ ಕೇಳಿದ್ದು ಊಟ ಆದ ಮೇಲೆ.

10. ಎಚ್ಚರಿಕೆಯ ಗುರುತುಗಳು

ಚೆನ್ನಾಗಿ ನಡೆಯುತ್ತಿರುವಾಗಲೇ ಇವನ್ನು ನೋಡಿಕೊಳ್ಳಿ. ಬಿಟ್ಟದ್ದರ ಬಗ್ಗೆ ಎಲ್ಲರ ಹತ್ತಿರ ಹೇಳಿಕೊಳ್ಳಬೇಕು ಅನಿಸುವುದು. ಇನ್ನೂ ಬಿಡದವರನ್ನು ಕಂಡರೆ ಕೀಳಾಗಿ ಕಾಣುವುದು. ಮಂಗಳವಾರದ ಫೋನ್ ತಪ್ಪಿಸಲು ನೆವ ಹುಡುಕುವುದು. ಹೊರಗೆ ಭಕ್ತಿ, ಮನೆಯೊಳಗೆ ಸಿಡುಕು. ಕರ್ತನ ಮೇಜಿನಿಂದ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಪ್ರಭುಭೋಜನ) ಸುಮ್ಮನೆ ದೂರ ಉಳಿಯುವುದು. ಕುಡಿತ ಬಿಟ್ಟು ಬೆಟ್ಟಿಂಗ್ ಹಿಡಿಯುವುದು, ರೀಲ್ಸ್ ಬಿಟ್ಟು ರಾತ್ರಿ ತಿನ್ನಲು ಶುರು ಮಾಡುವುದು. ಬೇರು ಹಾಗೇ ಇದೆ ಅಂತ ಇದರ ಅರ್ಥ, 2ನೇ ಹಂತಕ್ಕೆ ವಾಪಸ್ ಹೋಗಿ.

ಇನ್ನು ಕೆಲವು ಗುರುತುಗಳಿಗೆ ಈ ಮಾರ್ಗದರ್ಶಿ ಸಾಲದು. ಎಷ್ಟು ಸಲ ದಾರಿ ಮುಚ್ಚಿದರೂ ಕೈ ತಡೆಯಲು ಆಗದಿದ್ದರೆ, ಕೆಲಸ ಓದು ನಿಂತುಹೋಗಿದ್ದರೆ, ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಬದುಕುವುದೇ ಬೇಡ ಅನಿಸುತ್ತಿದ್ದರೆ ಇವತ್ತೇ ಸಹಾಯ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮೊಬೈಲ್, ಗೇಮ್ ಚಟಕ್ಕೆ ನಿಮ್ಹಾನ್ಸ್‌ನಲ್ಲಿ ಶಟ್ ಅನ್ನುವ ಕ್ಲಿನಿಕ್ 2014ರಿಂದ ಇದೆ.

11. 40ನೇ ದಿನ

ಆ ಒಬ್ಬರ ಜೊತೆ ಕುಳಿತು ನೋಟ್‌ಬುಕ್ ಮೊದಲಿಂದ ತಿರುವಿ ಹಾಕಿ. ಚುಕ್ಕೆಗಳನ್ನು ಎಣಿಸಿ, ಆದರೆ ಅದನ್ನೇ ಅಳತೆ ಮಾಡಬೇಡಿ. ಗಲಾತ್ಯ 5:22-23ರ ಒಂಬತ್ತು ಗುಣಗಳ ಪಟ್ಟಿಯಲ್ಲಿ ಶಮೆದಮೆ, ಅಂದರೆ ಆತ್ಮಸಂಯಮ, ಬರುವುದು ಕೊನೆಗೆ, ಪ್ರೀತಿ ಮೊದಲು. ಮನೆಯವರನ್ನು ಕೇಳಿ: "ಈ ಒಂದೂವರೆ ತಿಂಗಳಲ್ಲಿ ನನ್ನ ಜೊತೆ ಇರುವುದು ಸುಲಭವಾಯ್ತಾ, ಕಷ್ಟವಾಯ್ತಾ?" ಅವರು ಉತ್ತರ ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಕಷ್ಟವಾಯ್ತು ಅಂದರೆ ಭೋಗ ಬಿಟ್ಟಿದ್ದೇವೆ, ದೇವಭಕ್ತಿ ಇನ್ನೂ ಹಿಡಿದಿಲ್ಲ ಅಂತ ತಿಳಿದುಕೊಂಡು 6ನೇ ಹಂತವನ್ನು ಇನ್ನೊಂದು 40 ದಿನ ಮಾಡಿ.

ಸುಲಭವಾಯ್ತು ಅಂದರೆ ಲಕೋಟೆ ತೆಗೆದುಕೊಂಡು ಹೋಗಿ ಕೊಟ್ಟು ಬನ್ನಿ. ಒಂದು ವಾರ ಬಿಟ್ಟು ಪಟ್ಟಿಯ ಎರಡನೆಯದನ್ನು ಆರಿಸಿ. ಮೊದಲನೆಯದಕ್ಕೆ ಹಾಕಿದ ಬೇಲಿಯನ್ನು ಮಾತ್ರ ಕೀಳಬೇಡಿ. ಅಲಾರಂ ಗಡಿಯಾರ ಅಲ್ಲೇ ಇರಲಿ, ಫೋನ್ ಅಡುಗೆಮನೆಯ ಶೆಲ್ಫ್ ಮೇಲೇ ಇರಲಿ, ಮಂಗಳವಾರ ರಾತ್ರಿ 9ರ ಕರೆ ನಿಲ್ಲದಿರಲಿ.